ರುಕ್ಮ ವಿಮಾನಕ್ಕೆ ಸಿಕ್ಕ ನ್ಯಾಯ

ವಿಶ್ವಕೋಶ ತಟಸ್ಥವಾಗಿರಬೇಕು ಅಂದ ಕೂಡಲೇ ಬಹಳ ಜನಕ್ಕೆ ಟಿವಿ ಡಿಬೇಟ್ ನೆನಪಾಗುತ್ತೆ. ಈ ಕಡೆ ಒಬ್ಬರು, ಆ ಕಡೆ ಒಬ್ಬರು, ಇಬ್ಬರಿಗೂ ಅಷ್ಟಷ್ಟೇ ಟೈಮು. ವಿಕಿಪೀಡಿಯದ ನೀತಿ ಹೇಳೋದು ಇದನ್ನಲ್ಲ. ನಂಬಬಹುದಾದ ಮೂಲಗಳಲ್ಲಿ ಒಂದು ಅಭಿಪ್ರಾಯಕ್ಕೆ ಎಷ್ಟು ತೂಕವೋ, ಲೇಖನದಲ್ಲೂ ಅಷ್ಟೇ ಜಾಗ ಅನ್ನುತ್ತೆ. ಸರಿ. ಆದರೆ ಬಿದ್ದುಹೋದ ವಾದದ ಬಗ್ಗೆಯೇ ಲೇಖನ ಬರೀಬೇಕಾಗಿ ಬಂದರೆ?

'ವೈಮಾನಿಕ ಶಾಸ್ತ್ರ'ವನ್ನೇ ತಗೊಳ್ಳಿ. ಆನೇಕಲ್‌ನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಕಳೆದ ಶತಮಾನದ ಆರಂಭದಲ್ಲಿ ಬಾಯಲ್ಲಿ ಹೇಳಿ ಬರೆಸಿದ ಸಂಸ್ಕೃತ ಪುಸ್ತಕ ಇದು. ಮೂಲ ಭರದ್ವಾಜ ಮಹರ್ಷಿಗಳದ್ದು ಅನ್ನೋದು ನಂಬುವವರ ಮಾತು. 2015ರಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನಗಳ ಬಗ್ಗೆ ಪ್ರಬಂಧ ಮಂಡನೆಯಾದಾಗ ಈ ಹೆಸರು ಮತ್ತೆ ಸುದ್ದಿಗೆ ಬಂತು.

ಇದರ ಬಗ್ಗೆ ಎರಡು ಥರ ಕೆಟ್ಟದಾಗಿ ಬರೀಬಹುದು. ಒಂದು, "ಕೆಲವರು ಇದು ಪ್ರಾಚೀನ ಎನ್ನುತ್ತಾರೆ, ಕೆಲವರು ಒಪ್ಪುವುದಿಲ್ಲ" ಅಂತ ಕೈ ತೊಳೆದುಕೊಳ್ಳೋದು. ಯಾರು ಆ ಕೆಲವರು? ಯಾಕೆ ಒಪ್ಪಲ್ಲ? ಇನ್ನೊಂದು, ಮೊದಲ ಸಾಲಲ್ಲೇ ಕಾಗಕ್ಕ ಗುಬ್ಬಕ್ಕನ ಕಥೆ ಅಂತ ನಕ್ಕು ಮುಗಿಸೋದು. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನ ಫಾರ್ವರ್ಡ್ ನೋಡಿ, ನಿಜಾನಾ ಅಂತ ಹುಡುಕಿಕೊಂಡು ಬಂದ ಹುಡುಗಿಗೆ ಎರಡರಿಂದಲೂ ಏನೂ ಸಿಗಲ್ಲ. ಬೈಸಿಕೊಂಡವಳು ವಾಪಸ್ ಆ ಗ್ರೂಪಿಗೇ ಹೋಗ್ತಾಳೆ.

ಸರಿಯಾದ ದಾರಿ 1974ರಲ್ಲೇ ಬೆಂಗಳೂರಲ್ಲಿ ಸಿಕ್ಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ ಮತ್ತು ಮೂವರು ಸಹೋದ್ಯೋಗಿಗಳು ಪುಸ್ತಕವನ್ನು ಕೂತು ಓದಿದರು. ಭಾಷೆ ನೋಡಿದರು: ಸರಳ, ಆಧುನಿಕ ಸಂಸ್ಕೃತ. ಕಾಲ ಹುಡುಕಿದರು: 1904ಕ್ಕಿಂತ ಹಿಂದಕ್ಕೆ ಹೋಗಲಿಲ್ಲ. ಶಕುನ, ಸುಂದರ, ರುಕ್ಮ, ತ್ರಿಪುರ ಅನ್ನೋ ನಾಲ್ಕು ವಿಮಾನಗಳನ್ನೂ ಒಂದೊಂದಾಗಿ ಇವತ್ತಿನ ವಿಮಾನಶಾಸ್ತ್ರದ ಲೆಕ್ಕಕ್ಕೆ ಹಚ್ಚಿದರು. ಒಂದೂ ಹಾರಲ್ಲ ಅನ್ನೋದು ಅವರ ತೀರ್ಮಾನ.

ನನಗೆ ಇಷ್ಟವಾಗೋದು ಆ ತೀರ್ಮಾನಕ್ಕೆ ಮುಂಚಿನ ಒಂದು ಮಾತು. ರುಕ್ಮದಲ್ಲಿ ಮೇಲಿನಿಂದ ಗಾಳಿ ಎಳೆದು ಉದ್ದದ ಕೊಳವೆಗಳ ಮೂಲಕ ಕೆಳಕ್ಕೆ ತಳ್ಳೋ ಫ್ಯಾನುಗಳಿವೆ. ಅದರಿಂದ ಮೇಲೆತ್ತುವ ಬಲ ಹುಟ್ಟುತ್ತೆ, ನಾಲ್ಕರಲ್ಲಿ ಸ್ವಲ್ಪ ಅರ್ಥವಾಗೋ ಕಲ್ಪನೆ ಇದೊಂದೇ ಅಂತ ಅವರು ದಾಖಲಿಸಿದರು. ಬಚ್ಚಿಡಬಹುದಿತ್ತು, ಬಚ್ಚಿಡಲಿಲ್ಲ. ಅದಕ್ಕೇ ಅವರ "ಹಾರಲ್ಲ"ಕ್ಕೆ ಬೆಲೆ.

ವಿಶ್ವಕೋಶದಿಂದ ನಾನು ಕೇಳೋದೂ ಇಷ್ಟೇ. ನಂಬುವವರು ಓದಿದರೆ "ಹೌದು, ನಾವು ಹೇಳೋದು ಇದನ್ನೇ" ಅನ್ನಬೇಕು, ಹಾಗೆ ಅವರ ವಾದವನ್ನು ಪೂರ್ತಿ ಬರೀರಿ. ಆಮೇಲೆ ಪರೀಕ್ಷೆ ಮಾಡಿದವರು ಯಾರು, ಯಾವಾಗ, ಏನು ಸಿಕ್ಕಿತು ಅನ್ನೋದನ್ನು ಹೆಸರು ಹಿಡಿದು ಹೇಳಿ. "ಕೆಲವರ ಪ್ರಕಾರ" ಬೇಡ. ಹಾರದ ವಿಮಾನವನ್ನು ಹಾರಲ್ಲ ಅನ್ನೋದು ಪಕ್ಷಪಾತವಲ್ಲ. ಅದರಲ್ಲಿ ಏನಿದೆ ಅಂತ ನೋಡದೇ ಅನ್ನೋದು ಪಕ್ಷಪಾತ.