ರಣಹದ್ದಿನ ಮೂತ್ರಪಿಂಡ ಮತ್ತು ನಮ್ಮ ಶೇಕಡಾ ಲೆಕ್ಕ

‘ದನಗಳಿಗೆ ಕೊಡುವ ಡೈಕ್ಲೋಫಿನಾಕ್ ಔಷಧದಿಂದ ರಣಹದ್ದುಗಳು ಸತ್ತವು. 2006ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು.’ ಪರಿಸರದ ಬಗೆಗಿನ ಕನ್ನಡ ಬರಹಗಳಲ್ಲಿ ಈ ಎರಡು ವಾಕ್ಯಗಳನ್ನು ನೀವು ಹಲವು ಸಲ ಓದಿರಬಹುದು. ಎರಡೂ ನಿಜ. ಆದರೆ ಅವನ್ನು ಅಕ್ಕಪಕ್ಕ ಇಟ್ಟು ಅಲ್ಲಿಗೇ ಮಾತು ಮುಗಿಸಿದರೆ, ರೋಗವೂ ಪತ್ತೆಯಾಯಿತು, ಮದ್ದೂ ಸಿಕ್ಕಿತು ಎಂಬ ಭಾವನೆ ಉಂಟಾಗುತ್ತದೆ. ಈ ಭಾವನೆ ಏಕೆ ತಪ್ಪು ಎಂಬುದನ್ನು ಸರಳ ಗಣಿತದಿಂದಲೇ ತಿಳಿಯಬಹುದು.

ಇಂಥ ಬರಹಗಳ ಮೊದಲ ಕೊರತೆಯೆಂದರೆ, ಅವುಗಳಲ್ಲಿ ಮೂತ್ರಪಿಂಡದ ಪ್ರಸ್ತಾಪವೇ ಇರುವುದಿಲ್ಲ. ‘ವಿಷ’ ಎಂಬ ಒಂದು ಪದದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ವಾಸ್ತವದಲ್ಲಿ ನಡೆಯುವುದೇನು? ಪ್ರೋಟೀನು ಜೀರ್ಣವಾದ ಮೇಲೆ ಉಳಿಯುವ ಸಾರಜನಕವನ್ನು ನಮ್ಮ ದೇಹ ಯೂರಿಯಾ ರೂಪದಲ್ಲಿ ಹೊರಹಾಕುತ್ತದೆ. ಹಕ್ಕಿಗಳು ಯೂರಿಕ್ ಆಮ್ಲದ ರೂಪದಲ್ಲಿ ಹೊರಹಾಕುತ್ತವೆ. ಹಕ್ಕಿಯ ಹಿಕ್ಕೆಯಲ್ಲಿ ಕಾಣುವ ಬಿಳಿ ಭಾಗ ಇದೇ. ಒಂದು ಲೀಟರ್ ನೀರಿನಲ್ಲಿ ಸುಮಾರು ಒಂದು ಕಿಲೋಗ್ರಾಂ ಯೂರಿಯಾ ಕರಗಬಲ್ಲದು. ಅಷ್ಟೇ ನೀರಿನಲ್ಲಿ ಕರಗುವ ಯೂರಿಕ್ ಆಮ್ಲ ಒಂದು ಗ್ರಾಮಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದ್ದರಿಂದ ಮೂತ್ರಪಿಂಡದ ಸೂಕ್ಷ್ಮ ನಾಳಗಳ ಕೋಶಗಳು ಅದನ್ನು ರಕ್ತದಿಂದ ಬಿಡುವಿಲ್ಲದೆ ಹೊರಗೆ ಸಾಗಿಸುತ್ತಿರಬೇಕು. ಡೈಕ್ಲೋಫಿನಾಕ್‌ನಿಂದ ಈ ಕೋಶಗಳು ಸಾಯುತ್ತವೆ. ಆಗ ರಕ್ತದಲ್ಲಿ ಯೂರಿಕ್ ಆಮ್ಲ ಏರಿ, ಹೃದಯ, ಯಕೃತ್ತು, ಮೂತ್ರಪಿಂಡಗಳ ಮೇಲೆ ಸುಣ್ಣ ಬಳಿದಂತೆ ಹರಳುಗಟ್ಟುತ್ತದೆ. ಇದಕ್ಕೆ ಒಳಾಂಗಗಳ ಗೌಟ್ ಎಂದು ಹೆಸರು. ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಗೌಟ್ ಎಂಬುದು ಲಕ್ಷಣ, ಕಾರಣವಲ್ಲ. ಕೋಳಿ ಸಾಕಣೆ ಮಾಡುವವರಿಗೆ ಇದು ಗೊತ್ತು. ನೀರಿನ ಕೊರತೆ, ಆಹಾರದಲ್ಲಿ ಅತಿಯಾದ ಕ್ಯಾಲ್ಸಿಯಂ, ಕೆಲವು ವೈರಸ್‌ಗಳು, ಇವುಗಳಿಂದಲೂ ಕೋಳಿಗಳಲ್ಲಿ ಗೌಟ್ ಬರುತ್ತದೆ. ರಣಹದ್ದುಗಳ ಸಾವಿಗೂ ಮೊದಲು ಸೋಂಕುರೋಗವೇ ಕಾರಣವಿರಬೇಕೆಂದು ಶಂಕಿಸಲಾಗಿತ್ತು. ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದ ಪಂಜಾಬಿನಲ್ಲಿ ನಡೆಸಿ 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಹಿರಿಮೆ ಇರುವುದು ಇಲ್ಲಿಯೇ. ಗೌಟ್‌ನಿಂದ ಸತ್ತ 25 ರಣಹದ್ದುಗಳ ಮೂತ್ರಪಿಂಡಗಳನ್ನು ಪರೀಕ್ಷಿಸಿದಾಗ 25ರಲ್ಲಿಯೂ ಡೈಕ್ಲೋಫಿನಾಕ್ ಸಿಕ್ಕಿತು. ಬೇರೆ ಕಾರಣಗಳಿಂದ ಸತ್ತ 13ರಲ್ಲಿ ಒಂದರಲ್ಲಿಯೂ ಸಿಗಲಿಲ್ಲ. ಬಳಿಕ ಸೆರೆಯಲ್ಲಿದ್ದ 20 ಹಕ್ಕಿಗಳಿಗೆ ಈ ಔಷಧ ಪಡೆದಿದ್ದ ಎಮ್ಮೆ, ಆಡುಗಳ ಮಾಂಸ ತಿನ್ನಿಸಿದಾಗ 13 ಸತ್ತವು. ಹೊಂದಾಣಿಕೆಯನ್ನು ಕಂಡು ತೃಪ್ತರಾಗದೆ ಪ್ರಯೋಗದಿಂದ ಖಚಿತಪಡಿಸಿಕೊಂಡ ಕ್ರಮವಿದು. ಶಾಲಾ ವಿದ್ಯಾರ್ಥಿಗಳಿಗೆ ವಿಜ್ಞಾನದ ವಿಧಾನವನ್ನು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಅಪರೂಪ. ನಮ್ಮ ಬರಹಗಳು ಬಿಟ್ಟುಬಿಡುವುದೂ ಇದನ್ನೇ.

ಎರಡನೆಯ ಕೊರತೆ ಹೆಚ್ಚು ಗಂಭೀರವಾದದ್ದು. ‘ಔಷಧದ ಬಳಕೆ ಬಹುಮಟ್ಟಿಗೆ ನಿಂತಿದೆ’ ಎಂಬ ಸಮಾಧಾನ ಅದು. ಒಂದು ಊರನ್ನೇ ತೆಗೆದುಕೊಂಡು ನೋಡೋಣ. ಚಿಕ್ಕೋಡಿ ತಾಲ್ಲೂಕಿನ ನಮ್ಮ ಸದಲಗಾ ದೂಧಗಂಗಾ ನದಿಯ ದಂಡೆಯ ಊರು. ಕಬ್ಬು ಮತ್ತು ಹೈನು ಇಲ್ಲಿಯ ಬದುಕು. ಕುಂಟುವ ಎತ್ತಿಗೆ, ಕೆಚ್ಚಲು ಬಾತ ಎಮ್ಮೆಗೆ ನೋವಿನ ಸೂಜಿ ಹಾಕಿಸುವುದು ಸಾಮಾನ್ಯ. ಅದು ತಪ್ಪೂ ಅಲ್ಲ. ಇಂಥ ಊರುಗಳಲ್ಲಿ ಸಾಯುವ ಸಾವಿರ ದನಗಳಲ್ಲಿ ಐದರ ದೇಹದಲ್ಲಿ ಮಾತ್ರ ಮಾರಕ ಪ್ರಮಾಣದ ಡೈಕ್ಲೋಫಿನಾಕ್ ಇದೆಯೆನ್ನಿ. ಅಂದರೆ ಶೇಕಡಾ 0.5. ‘ಶೇಕಡಾ 99.5ರಷ್ಟು ಸುರಕ್ಷಿತ’ ಎಂದು ನಾವು ಬೆನ್ನು ತಟ್ಟಿಕೊಳ್ಳುತ್ತೇವೆ.

ಈಗ ರಣಹದ್ದಿನ ಕಡೆಯಿಂದ ಲೆಕ್ಕ ಮಾಡಿ. ಅದು ಸುಮಾರು ಮೂರು ದಿನಗಳಿಗೊಮ್ಮೆ ಹೊಟ್ಟೆ ತುಂಬ ತಿನ್ನುತ್ತದೆ; ವರ್ಷಕ್ಕೆ 120 ಊಟ. ಪ್ರತಿ ಊಟದಲ್ಲಿ ಬದುಕುಳಿಯುವ ಸಂಭವನೀಯತೆ 0.995. ವರ್ಷವಿಡೀ ಬದುಕುಳಿಯಬೇಕಾದರೆ ಈ ಸಂಖ್ಯೆಯನ್ನು 120 ಸಲ ಗುಣಿಸಬೇಕು. ಉತ್ತರ ಸುಮಾರು 0.55. ನೂರು ಹಕ್ಕಿಗಳಲ್ಲಿ 45 ಒಂದೇ ವರ್ಷದಲ್ಲಿ ಸಾಯುತ್ತವೆ. ವಿಕಿರಣಶೀಲ ಧಾತುವಿನ ಕ್ಷಯದಂತೆ ಇದೂ ಘಾತೀಯ ಇಳಿಕೆ. ಇದೇ ದರದಲ್ಲಿ ಹತ್ತು ವರ್ಷ ಕಳೆದರೆ ಸಾವಿರ ಹಕ್ಕಿಗಳಲ್ಲಿ ಎರಡೋ ಮೂರೋ ಉಳಿಯುತ್ತವೆ. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಜೀವಿ ಈ ನಷ್ಟವನ್ನು ತುಂಬಿಕೊಳ್ಳಲಾರದು.

ಇದು ಕೇವಲ ಕಾಗದದ ಲೆಕ್ಕವಲ್ಲ. ರೈಸ್ ಗ್ರೀನ್ ಮತ್ತು ಸಂಗಡಿಗರು 2004ರಲ್ಲಿ ಹೆಚ್ಚು ವಿವರವಾದ ಗಣಿತದಿಂದ ಇದೇ ತೀರ್ಮಾನಕ್ಕೆ ಬಂದರು. 760 ಶವಗಳಲ್ಲಿ ಒಂದರಿಂದ ಹಿಡಿದು 130ರಲ್ಲಿ ಒಂದು ಮಾರಕವಾಗಿದ್ದರೂ ಕಂಡ ಕುಸಿತಕ್ಕೆ ಅದು ಸಾಕು. 1990ರ ದಶಕದ ಆರಂಭದಿಂದ 2007ರ ವೇಳೆಗೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳು ಶೇಕಡಾ 99.9ರಷ್ಟು ಇಳಿದಿದ್ದವು. ಉದ್ದ ಕೊಕ್ಕಿನ ಮತ್ತು ತೆಳು ಕೊಕ್ಕಿನ ರಣಹದ್ದುಗಳ ಇಳಿಕೆ ಸುಮಾರು ಶೇಕಡಾ 97.

ನಿಷೇಧವನ್ನು ಈ ಅಳತೆಗೋಲಿನಿಂದ ಅಳೆಯಿರಿ. ಭಾರತದ ಜಾನುವಾರು ಶವಗಳ ಸಮೀಕ್ಷೆಯಲ್ಲಿ ನಿಷೇಧಕ್ಕೆ ಮೊದಲು ಸುಮಾರು ಶೇಕಡಾ 10ರಲ್ಲಿ ಡೈಕ್ಲೋಫಿನಾಕ್ ಪತ್ತೆಯಾಗಿತ್ತು. 2007-08ರಲ್ಲಿ ಅದು 6.5ಕ್ಕೆ ಇಳಿಯಿತು. ಪತ್ತೆಯಾದ ಪ್ರತಿ ಶವದಲ್ಲಿಯೂ ಮಾರಕ ಪ್ರಮಾಣವಿರಲಿಲ್ಲ; ಕುಸಿತದ ವೇಗ ತಗ್ಗಿದ್ದೂ ನಿಜ. ಆದರೂ ಗುರಿ ಇರಬೇಕಾದದ್ದು ಶೇಕಡಾ ಒಂದರ ಕೆಳಗೆ, ಸೊನ್ನೆಯ ಹತ್ತಿರ. 2007ರಿಂದ 2010ರವರೆಗೆ 11 ರಾಜ್ಯಗಳ ಔಷಧದಂಗಡಿಗಳಲ್ಲಿ ವಿಚಾರಿಸಿದಾಗ ಶೇಕಡಾ 36 ಅಂಗಡಿಗಳು ದನಗಳಿಗೆಂದು ಡೈಕ್ಲೋಫಿನಾಕ್ ಕೊಟ್ಟವು. ಮನುಷ್ಯರಿಗಾಗಿ ತಯಾರಾದ ದೊಡ್ಡ ಬಾಟಲಿಗಳು ಇದಕ್ಕೆ ದಾರಿಯಾಗಿದ್ದವು. ಅವನ್ನು 3 ಮಿಲಿಲೀಟರಿನ ಒಂದೇ ಸಲದ ಸೀಸೆಗೆ ಮಿತಿಗೊಳಿಸಿದ್ದು 2015ರಲ್ಲಿ, ಅಂದರೆ ಒಂಬತ್ತು ವರ್ಷಗಳ ನಂತರ.

ಮೂರನೆಯ ಕೊರತೆ, ಒಂದೇ ಔಷಧದ ಹೆಸರಿಗೆ ಅಂಟಿಕೊಳ್ಳುವುದು. ಅಸಿಕ್ಲೋಫಿನಾಕ್ ಹಸುವಿನ ದೇಹದಲ್ಲಿ ಡೈಕ್ಲೋಫಿನಾಕ್ ಆಗಿ ಮಾರ್ಪಡುತ್ತದೆ ಎಂಬುದು 2016ರಲ್ಲಿ ಪ್ರಕಟವಾಗಿತ್ತು. ಅದನ್ನೂ ಕೀಟೊಪ್ರೊಫೆನ್ ಅನ್ನೂ ಪಶುಗಳ ಬಳಕೆಗೆ ನಿಷೇಧಿಸಿದ್ದು 2023ರಲ್ಲಿ. ನಿಮೆಸುಲೈಡ್‌ಗೆ ನಿಷೇಧ ಬಂದದ್ದು 2024ರ ಕೊನೆಯಲ್ಲಿ. ಮೊದಲು ಮಾರಾಟ, ಆಮೇಲೆ ಹಕ್ಕಿಗಳ ಸಾವು, ಅದಾದ ಮೇಲೆ ಅಧ್ಯಯನ, ಎಲ್ಲಕ್ಕೂ ಕೊನೆಗೆ ನಿಷೇಧ! ಈ ಕ್ರಮವೇ ತಲೆಕೆಳಗಾಗಿದೆ. ದನಗಳ ನೋವುನಿವಾರಕಕ್ಕೆ ಪರವಾನಗಿ ಕೊಡುವ ಮೊದಲೇ ರಣಹದ್ದಿನ ಮೂತ್ರಪಿಂಡಕ್ಕೆ ಅದು ಸುರಕ್ಷಿತವೇ ಎಂಬ ಪರೀಕ್ಷೆ ಆಗಬೇಕು. ಬೇರೆ ಹಕ್ಕಿಯ ಮೇಲೆ ಪರೀಕ್ಷಿಸಿದರೆ ಸಾಲದು. ನಮ್ಮ ರಣಹದ್ದಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 0.1ರಿಂದ 0.2 ಮಿಲಿಗ್ರಾಂ ಡೈಕ್ಲೋಫಿನಾಕ್ ಮಾರಕ. ಅಮೆರಿಕದ ಟರ್ಕಿ ರಣಹದ್ದು 8 ಮಿಲಿಗ್ರಾಂ ಕೊಟ್ಟರೂ ಸಾಯಲಿಲ್ಲ.

ರಕ್ಷಿತ ಪ್ರದೇಶದ ಗಡಿಯಿಂದಲೂ ಇದಕ್ಕೆ ಪರಿಹಾರ ಸಿಗದು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದ್ದು ಒಳ್ಳೆಯ ಕೆಲಸವೇ. ಅದರ ವಿಸ್ತೀರ್ಣ ಸುಮಾರು 346 ಹೆಕ್ಟೇರು, ಅಂದರೆ 3.5 ಚದರ ಕಿಲೋಮೀಟರು. ಹಕ್ಕಿ ಆಹಾರಕ್ಕಾಗಿ 50 ಕಿಲೋಮೀಟರು ಹಾರಿದರೆ ಆ ವೃತ್ತದ ವಿಸ್ತೀರ್ಣ 7,850 ಚದರ ಕಿಲೋಮೀಟರು. ಗೂಡು ಧಾಮದೊಳಗೆ, ಊಟ ಹೊರಗೆ. ಹರಿಯಾಣದ ಪಿಂಜೋರಿನ ಸಂತಾನವೃದ್ಧಿ ಕೇಂದ್ರದಲ್ಲಿ ಹಕ್ಕಿಗಳಿಗೆ ಹಾಕುವ ಮಾಂಸವನ್ನು ಪರೀಕ್ಷಿಸಿ ಹಾಕಬಹುದು. ಬಯಲಿಗೆ ಬಿಟ್ಟ ಹಕ್ಕಿಗೆ ಆ ಕಾವಲು ಎಲ್ಲಿಂದ ಬರಬೇಕು?

ಅದು ಬರಬೇಕಾದದ್ದು ಸದಲಗಾದಂಥ ಊರುಗಳಿಂದ. ರೈತರನ್ನು ದೂರುವ ಅಗತ್ಯವಿಲ್ಲ. ಮೆಲಾಕ್ಸಿಕಾಂ ರಣಹದ್ದುಗಳಿಗೆ ಸುರಕ್ಷಿತವೆಂದು 2006ರಲ್ಲಿಯೇ ಪರೀಕ್ಷೆಯಿಂದ ತಿಳಿದಿದೆ. ದನದ ಡಾಕ್ಟರರನ್ನು ಹೆಸರು ಹೇಳಿ ಅದನ್ನೇ ಕೇಳಿ. ನೋವಿನ ಸೂಜಿ ಹಾಕಿಸಿದ ದನ ಮೂರು ನಾಲ್ಕು ದಿನಗಳೊಳಗೆ ಸತ್ತರೆ ಬಯಲಿಗೆ ಎಸೆಯದೆ ಆಳವಾಗಿ ಹೂಳಿ. ಇನ್ನು ಬರೆಯುವವರಲ್ಲಿ ಒಂದು ಮಾತು: ‘ನಿಷೇಧವಾಯಿತು’ ಎಂದು ಬರೆದ ಮೇಲೆ, ಈಗ ಸಾವಿರ ಶವಗಳಲ್ಲಿ ಎಷ್ಟು ಮಾರಕ ಎಂಬ ಪ್ರಶ್ನೆಯನ್ನೂ ಬರೆಯಿರಿ. ಒಂದು ಎಂಬ ಉತ್ತರ ಬಂದರೂ ಅದು ಹೆಚ್ಚೇ.