ಬೆರಳಿಗೆ ಗೊತ್ತು, ಕಿವಿಗೆ ಗೊತ್ತಿಲ್ಲ

ಗಿಟಾರ್ ಕ್ಲಾಸಿಗೆ ಸೇರಿದವರಿಗೆ ಶುರುವಿನಲ್ಲೇ ಸಾಮಾನ್ಯವಾಗಿ ಒಂದು ಕಾರ್ಡ್ ಚಾರ್ಟ್ ಸಿಗುತ್ತದೆ. ಆರು ತಂತಿಗೆ ಆರು ಗೆರೆ, ಅಡ್ಡಕ್ಕೆ ಫ್ರೆಟ್‌ಗಳು, ಬೆರಳಿಡುವ ಕಡೆ ಕಪ್ಪು ಚುಕ್ಕೆ. ನಾಲ್ಕೈದು ಆಕಾರ ಕೈಗೆ ಹತ್ತಿದರೆ ಸಾಕು, ಎಷ್ಟೋ ಸಿನಿಮಾ ಹಾಡುಗಳಿಗೆ ಜೊತೆ ನುಡಿಸಬಹುದು. ಕಲಿಯುವ ಹುಡುಗನಿಗೆ ಆ ಖುಷಿ ಬೇಗ ಸಿಗಬೇಕು. ಚಾರ್ಟಿನ ದೊಡ್ಡ ಗುಣ ಅದೇ, ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ವರ್ಷಗಟ್ಟಲೆ ಚಾರ್ಟಿನಲ್ಲೇ ನಿಂತುಬಿಡುವ ಪಾಠದ ಬಗ್ಗೆ.

ಜಿ ಮೇಜರ್ ಹಿಡಿದು ಆರೂ ತಂತಿ ಮೀಟಿ. ಕೇಳುವುದು ಮೂರೇ ಸ್ವರ: ಜಿ, ಬಿ, ಡಿ. ಉಳಿದದ್ದೆಲ್ಲ ಅವೇ, ಬೇರೆ ಸ್ಥಾಯಿಯಲ್ಲಿ. ಇದನ್ನು ಚಾರ್ಟ್ ಹೇಳುವುದಿಲ್ಲ. ಹೇಳಬೇಕಾದದ್ದು ಬಹಳವೇನಿಲ್ಲ. ಒಂದು ಸ್ವರದಿಂದ ನಾಲ್ಕು ಸ್ವರಸ್ಥಾನ ಮೇಲೆ ಹೋಗಿ, ಅಲ್ಲಿಂದ ಮೂರು ಹೋದರೆ ಮೇಜರ್. ಮೊದಲು ಮೂರು, ಆಮೇಲೆ ನಾಲ್ಕಾದರೆ ಮೈನರ್. ಮೂರು ಮೂರಾದರೆ ಡಿಮಿನಿಷ್ಡ್, ನಾಲ್ಕು ನಾಲ್ಕಾದರೆ ಆಗ್ಮೆಂಟೆಡ್. ನಮ್ಮ ಸಂಗೀತ ಕಲಿತ ಮಕ್ಕಳಿಗಂತೂ ಇದು ಇನ್ನೂ ಸುಲಭ: ಸ ಮತ್ತು ಪ ಹಾಗೇ ಇರಲಿ, ನಡುವೆ ಅಂತರ ಗಾಂಧಾರ ಇಟ್ಟರೆ ಮೇಜರ್, ಸಾಧಾರಣ ಗಾಂಧಾರ ಇಟ್ಟರೆ ಮೈನರ್. ಶಂಕರಾಭರಣದ ಏಳು ಸ್ವರಗಳಲ್ಲಿ ಒಂದು ಬಿಟ್ಟು ಒಂದು ಹಿಡಿಯುತ್ತ ಹೋದರೆ ಸ, ಮ, ಪ ಮೇಲೆ ಮೇಜರ್, ರಿ, ಗ, ದ ಮೇಲೆ ಮೈನರ್, ನಿ ಮೇಲೆ ಡಿಮಿನಿಷ್ಡ್ ತಾವಾಗಿಯೇ ಬರುತ್ತವೆ. ಸ-ಗ-ಪವನ್ನು ಗ-ಪ-ಸ ಎಂದು ತಿರುಗಿಸಿದರೂ ಕಾರ್ಡ್ ಅದೇ. ಫ್ರಾನ್ಸಿನ ರಾಮೋ 1722ರಲ್ಲೇ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದ್ದ. ಇಷ್ಟು ತಿಳಿದವನಿಗೆ ಹಾಡುವವರು ಶ್ರುತಿ ಏರಿಸಿ ಎಂದರೆ ಗಾಬರಿಯಾಗುವುದಿಲ್ಲ.

ತಿಳಿಯದಿದ್ದರೆ ಏನಾಗುತ್ತದೆ ಎಂಬುದು ರಾಗದ ಛಾಯೆಯ ಹಾಡುಗಳಲ್ಲಿ ಎದ್ದು ಕಾಣುತ್ತದೆ. ಹಿಂದೋಳವನ್ನೇ ತೆಗೆದುಕೊಳ್ಳಿ. ಸ, ಗ, ಮ, ದ, ನಿ ಇವಷ್ಟೇ ಸ್ವರ, ರಿಷಭವಿಲ್ಲ, ಪಂಚಮವಿಲ್ಲ. ಗಾಂಧಾರ ಸಾಧಾರಣದ್ದು ಎಂದು ನೋಡಿದ ಕೀಬೋರ್ಡಿನವರು ಸ ಮೇಲೆ ಮೈನರ್ ಒತ್ತಿದರು ಅನ್ನಿ, ಆ ಕಾರ್ಡಿನ ಜೊತೆಗೇ ಪಂಚಮವೂ ಒಳಗೆ ಬಂತು. ಗಾಯಕಿ ಎಷ್ಟೇ ಎಚ್ಚರದಿಂದ ಮದಿಂದ ದಕ್ಕೆ ದಾಟಿದರೂ ಹಿಂದೆ ಪ ಮೊಳಗುತ್ತಲೇ ಇರುತ್ತದೆ. ಹಿಂದೋಳ ಅಲ್ಲಿಗೆ ಕೆಟ್ಟಿತು. ಚಾರ್ಟಿನ ಪ್ರಕಾರ ಬೆರಳು ತಪ್ಪಿಲ್ಲ, ಹಾಗಾಗಿ ನುಡಿಸಿದವರಿಗೆ ತಪ್ಪು ಎಲ್ಲಿ ಅಂತ ಹೊಳೆಯುವುದೂ ಇಲ್ಲ. ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ, ಏಕೆಂದರೆ ಮೂರು ಸ್ವರ ಬಿಡಿಸಿ ನೋಡಿದ್ದರೆ ತಪ್ಪಿಸಬಹುದಿತ್ತು.

ಹಿಂದೋಳದ ಸ್ವರಗಳಲ್ಲೇ ಕಟ್ಟಬಹುದಾದ ಮೇಜರ್, ಮೈನರ್ ಕಾರ್ಡುಗಳು ಎರಡೇ: ಮ-ದ-ಸ ಮೈನರ್, ದ-ಸ-ಗ ಮೇಜರ್. ಎರಡಕ್ಕೂ ಷಡ್ಜ ಬುಡವಲ್ಲ. ಮ-ದ-ಸವನ್ನು ಹೆಚ್ಚು ಹೊತ್ತು ಹಿಡಿದರೆ ಕಿವಿ ಮಧ್ಯಮವನ್ನೇ ಆಧಾರವೆಂದು ನಂಬತೊಡಗುತ್ತದೆ. ಇವೇ ಐದು ಸ್ವರಗಳ ಮಾಲ್‌ಕೌಂಸ್ ಹಾಡುವ ಹಿಂದೂಸ್ತಾನಿ ಗಾಯಕರು ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿಕೊಳ್ಳುತ್ತಾರೆ. ಕೀಬೋರ್ಡಿನವರೂ ಎಡಗೈಯಲ್ಲಿ ಸ, ಮ ಎರಡನ್ನೇ ಹಿಡಿದು, ಷಡ್ಜವನ್ನು ಕೆಳಗಿನ ಸ್ಥಾಯಿಯಲ್ಲಿ ಗಟ್ಟಿಯಾಗಿ ನಿಲ್ಲಿಸಿ, ಗಾಂಧಾರ ಧೈವತಗಳನ್ನು ಹಾಡುವವರಿಗೇ ಬಿಡಬಹುದು.