ಗೆರಾಸಿಮನ ಹೆಗಲು

ಟಾಲ್‌ಸ್ಟಾಯ್ ಅವರ 'ಇವಾನ್ ಇಲಿಚನ ಸಾವು' (1886) ನೀಳ್ಗತೆಯಲ್ಲಿ ಸಾಯುತ್ತಿರುವ ನ್ಯಾಯಾಧೀಶನಿಗೆ ನೆಮ್ಮದಿ ಕೊಡುವವನು ಆಳು ಗೆರಾಸಿಮ್. ಮಲಪಾತ್ರೆ ಎತ್ತುತ್ತಾನೆ, ಒಡೆಯನ ಕಾಲುಗಳನ್ನು ಹೆಗಲ ಮೇಲಿಟ್ಟುಕೊಂಡು ರಾತ್ರಿ ಕಳೆಯುತ್ತಾನೆ, ಸುಳ್ಳು ಹೇಳುವುದಿಲ್ಲ. ಹೆಂಡತಿಯದು ಔಷಧಿ, ಡಾಕ್ಟರು, ಗುಣವಾಗುತ್ತದೆಂಬ ನಟನೆ. ಎಂ.ಎ. ಓದುವಾಗ ನಾನೂ ಅವಳನ್ನು ಕಪಟಿ ಎಂದೇ ಬರೆದಿದ್ದೆ.

ಕಳೆದ ವರ್ಷ ಮನೆಯಲ್ಲಿ ಅಜ್ಜಿಯ ಮಗ್ಗುಲು ಬದಲಿಸುತ್ತಾ "ಹುಷಾರಾಗ್ತೀಯ ಬಿಡಜ್ಜಿ" ಎಂದು ದಿನವೂ ಹೇಳಿದವಳು ನಾನೇ. ಈಗ ಮೊದಲ ಅಧ್ಯಾಯ ಅನ್ಯಾಯವೆನಿಸುತ್ತದೆ. ಮೂರು ದಿನ ಗಂಡನ ಚೀರಾಟ ಸಹಿಸಿದೆನೆಂಬ ಅವಳ ಮಾತನ್ನು ಟಾಲ್‌ಸ್ಟಾಯ್ ಬರೀ ಸ್ವಾರ್ಥವಾಗಿ ಚಿತ್ರಿಸುತ್ತಾರೆ. ಗೆರಾಸಿಮನಿಗಂತೂ ದಣಿವೇ ಇಲ್ಲ. ಆರೈಕೆ ಮಾಡುವವರನ್ನು ಕತೆ ರೋಗಿಯ ಹಾಸಿಗೆಯಿಂದಷ್ಟೇ ನೋಡುತ್ತದೆ. ಆದರೂ ಸುಳ್ಳಿನ ವಿಷಯದಲ್ಲಿ ಕತೆಯೇ ಸರಿ: ಅಜ್ಜಿ ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ನನ್ನ ಧೈರ್ಯದ ಮಾತೇ ಅಡ್ಡ ಬಂದಿತ್ತು.